ಹನ್ನೆರಡನೆಯವನ ಭಾರ

ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಅದು ಮೊದಲು ಗೊತ್ತಾಗುವುದು ಆ ಮನೆಯ ನೀರಿನ ಕೊಡಕ್ಕೆ. ಸುದ್ದಿ ಬೀದಿ ದಾಟಿ ಬರುವಷ್ಟರಲ್ಲಿ ಕೊಡ ಭಾರವಾಗಿ ಕೂತುಬಿಟ್ಟಿರುತ್ತದೆ. ಆಮೇಲೆ ಬೋಗುಣಿ, ಮಣೆ, ಲಟ್ಟಣಿಗೆ, ಕಡೆಗೆ ಉಪ್ಪಿನ ಭರಣಿಯ ಮುಚ್ಚಳ ಕೂಡ. ಮನೆಯವರು ಎಷ್ಟು ಎಳೆದರೂ ಕದಲುವುದಿಲ್ಲ. ಅಕ್ಕಪಕ್ಕದವರು ಬಂದು ಒಂದು ಕೈ ಹಚ್ಚಿದರೆ ಮಾತ್ರ ಮೇಲೇಳುತ್ತದೆ. ಹಾಗಾಗಿ ಸಾವಿನ ಮನೆಗೆ ಹೋಗುವುದನ್ನು ನಾವು ಮಾತಾಡಿಸಿಕೊಂಡು ಬರುವುದು ಅನ್ನುವುದಿಲ್ಲ, ಕೈ ಹಚ್ಚಿ ಬರುವುದು ಅನ್ನುತ್ತೇವೆ. ಹದಿಮೂರು ದಿನ, ಕೆಲವರಿಗೆ ಮೂರು ತಿಂಗಳು, ಹೀಗೆ ಭಾರ ಇಳಿಯುತ್ತ ಬರುತ್ತದೆ. ಅಲ್ಲಿಯವರೆಗೆ ಆ ಮನೆಯವರು ಇನ್ನೊಬ್ಬರಿಗೆ ಕೈ ಹಚ್ಚಲು ಹೊರಡುವಂತಿಲ್ಲ. ಅವರು ಸುಮ್ಮನೆ ಕೂತಿರಬೇಕು, ಅಷ್ಟೆ.

ಹೀಗೇಕೆ ಎಂದು ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳುತ್ತಿದ್ದೆ. ಅಜ್ಜಿ ಒಂದೊಂದು ಸಲ ಒಂದೊಂದು ಕಥೆ ಹೇಳುತ್ತಿದ್ದಳು. ಒಂದರಲ್ಲಿ ಗುಬ್ಬಚ್ಚಿ ಇರುತ್ತಿತ್ತು, ಒಂದರಲ್ಲಿ ಮಾತಾಡುವ ಬಾವಿ, ಇನ್ನೊಂದರಲ್ಲಿ ಜಗಳಗಂಟಿ ವಾರಗಿತ್ತಿಯರು. ಯಾವುದು ನಿಜ ಅಜ್ಜೀ ಅಂದರೆ, "ಯಾವ್ದನ್ನ ಕೇಳ್ತಾ ನಿದ್ದೆ ಬಂತೋ ಅದೇ ನಿಜ" ಅನ್ನುತ್ತಿದ್ದಳು. ನಾನು ಬೆಳೆದು ಅಪ್ಪನ ಪಾತ್ರೆ ಅಂಗಡಿಯಲ್ಲಿ ಕೂರುವಂತಾದ ಮೇಲೂ ನನ್ನ ತಲೆಯೊಳಗೆ ಆ ಗುಬ್ಬಚ್ಚಿ, ಆ ಬಾವಿ ಹಾಗೇ ಉಳಿದಿದ್ದವು. ಪಾತ್ರೆಯ ತಳದಲ್ಲಿ ತೂಕವನ್ನೂ ಕೊಂಡವರ ಹೆಸರನ್ನೂ ಉಳಿಯಿಂದ ಕೊರೆಯುವುದು ನನ್ನ ಕೆಲಸ. ಕೊರೆಯುತ್ತ ಕೊರೆಯುತ್ತ ಎಲ್ಲಿಗೋ ಹೋಗಿಬಿಡುತ್ತಿದ್ದೆ. "ರೇವತೀ, ಹೆಸರಿಗೊಂದು ಅಕ್ಷರ ಜಾಸ್ತಿ ಹಾಕ್ಬೇಡ ಕಣೇ" ಎಂದು ಅಪ್ಪ ಎಚ್ಚರಿಸುತ್ತಿದ್ದರು.

ಆ ಶ್ರಾವಣದ ಸೋಮವಾರ ಸಂಜೆ ನಾಲ್ಕಕ್ಕೆ ಸಂತೆಕಟ್ಟೆಯಲ್ಲಿ ಹೂವಿನವರ ಸಾಲಿನ ಹತ್ತಿರ ಯಾರೋ ಇಟ್ಟು ಹೋಗಿದ್ದ ಚೀಲ ಸಿಡಿಯಿತು. ನಾನು ಎದುರುಮನೆಯ ತುಂಗಕ್ಕನ ಜೊತೆ ಬೀದಿ ನಲ್ಲಿಯ ಹತ್ತಿರ ನಿಂತಿದ್ದೆ. ತುಂಗಕ್ಕನಿಗೆ ಗಂಡನಿಲ್ಲ, ಇದ್ದವಳು ಒಬ್ಬಳೇ ಮಗಳು ಅಂಬಿಕಾ. ಕಾರ್ತಿಕದಲ್ಲಿ ಅವಳ ಮದುವೆ ಇತ್ತು. ಬಳೆ ತರುತ್ತೇನೆಂದು ಆಗಷ್ಟೇ ಸಂತೆಗೆ ಹೋಗಿದ್ದಳು. ನನ್ನನ್ನೂ ಕರೆದಿದ್ದಳು. ಕೆಲಸ ಇದೆ, ನೀನೇ ನನಗೂ ಒಂದು ಡಜನ್ ತಾ ಎಂದಿದ್ದೆ. ಸದ್ದು ಕೇಳಿದಾಗ ಟೈರು ಒಡೆಯಿತೋ ಏನೋ ಅಂದುಕೊಂಡೆವು. ತುಂಗಕ್ಕ ತುಂಬಿದ ಕೊಡದ ಕಂಠಕ್ಕೆ ಕೈ ಹಾಕಿದಳು. ಎತ್ತಲು ಹೋದಳು. ಕೊಡ ಏಳಲಿಲ್ಲ. ಇನ್ನೊಮ್ಮೆ ಎಳೆದಳು. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು. ಆ ನೋಟವನ್ನು ಬರೆಯುವುದು ನನ್ನಿಂದಾಗದು.

ಆ ಸಂಜೆ ಹನ್ನೊಂದು ಮನೆಗಳಿಗೆ ಭಾರ ಬಂತು. ಒಂದೇ ದಿನ ಅಷ್ಟು ಮನೆ ಎಂದರೆ ಊರಿನ ಕೈಗಳು ಸಾಲಬೇಡವೇ? ಆದರೂ ಸಾಲಿಸಿಕೊಂಡೆವು. ಶಾಲೆಯ ಮೇಷ್ಟರು ಗಂಟೆಯ ಲೆಕ್ಕದಲ್ಲಿ ಜನರನ್ನು ಹಂಚಿದರು. ಬೆಳಿಗ್ಗೆ ಒಲೆ ಹಚ್ಚಲು ಒಂದು ಗುಂಪು, ಮಧ್ಯಾಹ್ನ ಅನ್ನ ಬಸಿಯಲು ಇನ್ನೊಂದು. ಬೀದಿಗಳ ಹಳೆಯ ಜಗಳ ಅದರಷ್ಟಕ್ಕೆ ಅದು ಬದಿಗೆ ಸರಿಯಿತು. ಕಲ್ಲುಬೀದಿಯ ಟೈಲರ್ ಗಫಾರ್ ಸಾಬರು ಅಂಗಡಿ ಮುಚ್ಚಿ ದಿನವೂ ತುಂಗಕ್ಕನ ಮನೆಯ ನೀರಿನ ಕೊಡಕ್ಕೆ ಕೈ ಹಚ್ಚಲು ಬರುತ್ತಿದ್ದರು. ಆ ಕೊಡ ಊರಿನಲ್ಲೇ ಅತಿ ಭಾರದ್ದು. ಆರು ಜನ ಬೇಕಿತ್ತು. ತುಂಗಕ್ಕನಿಗೆ ಕುಡಿಯುವ ಲೋಟವೂ ಏಳುತ್ತಿರಲಿಲ್ಲ. ನಾನು ಹಿಡಿದು ಬಾಯಿಗೆ ಇಡುತ್ತಿದ್ದೆ.

ಸತ್ತವರು ಮಾತ್ರ ಹನ್ನೊಂದಲ್ಲ, ಹನ್ನೆರಡು. ಹನ್ನೆರಡನೆಯವನು ಯಾರೆಂದು ಗೊತ್ತಾಗಲಿಲ್ಲ. ಮುಖ ಗುರುತು ಸಿಗುವಂತಿರಲಿಲ್ಲ. ಗಂಡಸು, ವಯಸ್ಸಾದವನು, ಇಷ್ಟೇ. ಆಸ್ಪತ್ರೆಯ ಶವದ ಕೋಣೆ ನೋಡಿಕೊಳ್ಳುವ ಮಾದಪ್ಪ ಹೇಳಿದ, ಅವನ ಬೆರಳಿನ ಗೆರೆಗಳಲ್ಲಿ ಕೂತಿರುವ ಕಪ್ಪು ಎಷ್ಟು ತೊಳೆದರೂ ಹೋಗುತ್ತಿಲ್ಲವಂತೆ. ಹರಿದ ಜೇಬಿನಲ್ಲಿ ಯಾವುದೋ ಬಿಳಿ ಪುಡಿ ಇತ್ತಂತೆ. ಇಡೀ ಊರು ಎರಡು ದಿನ ಕಾಯಿತು. ಯಾವ ಮನೆಗಾದರೂ ಹನ್ನೆರಡನೆಯ ಭಾರ ಬಂದೀತು ಎಂದು ಎಲ್ಲರೂ ಬೇರೆಯವರ ಕೊಡಗಳನ್ನೇ ನೋಡುತ್ತಿದ್ದರು. ಬರಲಿಲ್ಲ. ಮೂರನೆಯ ದಿನ ಯಾರು ಮೊದಲು ಅಂದರೋ, ಮಾತು ಹುಟ್ಟಿತು. ಸತ್ತರೂ ಒಂದು ಮನೆಗೂ ಭಾರವಾಗದವನು ಎಂಥವನಿರಬಹುದು? ಕೈಯಲ್ಲಿ ಕಪ್ಪು, ಜೇಬಿನಲ್ಲಿ ಪುಡಿ. ಚೀಲ ತಂದವನು ಅವನೇ.

ಸಂಜೆಯ ಹೊತ್ತಿಗೆ ಅದು ಮಾತಾಗಿ ಉಳಿಯದೆ ಅರ್ಜಿಯಾಯಿತು. ಅವನಿಗೆ ಊರಿನ ಸುಡುಗಾಡಿನಲ್ಲೂ ಜಾಗವಿಲ್ಲ, ಖಬರಸ್ತಾನದಲ್ಲೂ ಇಲ್ಲ, ಹೊಳೆಯಾಚೆ ಕಸ ಸುರಿಯುವಲ್ಲಿ ಹಾಕಿ ಎಂದು ಬರೆದರು. ತುಂಗಕ್ಕನಿಗೆ ಪೆನ್ನು ಏಳಲಿಲ್ಲ. ನಾನೇ ಅವಳ ಕೈ ಹಿಡಿದು ಮೊದಲನೆಯ ಸಹಿ ಹಾಕಿಸಿದೆ. ಸಹಿ ಹಾಕಿದ ಮೇಲೆ ಅವಳು ಮೊದಲ ಬಾರಿಗೆ ಎರಡು ತುತ್ತು ಅನ್ನ ಉಂಡಳು. ಅವನ ವಂಶ ನಿರ್ವಂಶವಾಗಲಿ, ಅವನ ಕೈಗೆ ಹುಳ ಬೀಳಲಿ ಎಂದು ಶಪಿಸುತ್ತ ಉಂಡಳು. ಶಾಪ ಹಾಕುವಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ನನಗೆ ಅಷ್ಟೇ ಸಾಕಿತ್ತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಪುರಸಭೆಯ ಗಾಡಿ ಬಂದು ಅವನನ್ನು ಒಯ್ಯುವುದೆಂದು ನಿಶ್ಚಯವಾಯಿತು.

ಶುಕ್ರವಾರ ಬೆಳಿಗ್ಗೆ ಗಫಾರ್ ಸಾಬರ ಹೆಂಡತಿ ಹಸೀನಾ ಬೂಬು ಅಂಗಡಿಗೆ ಬಂದರು. ಕಂಠ ಬಿರುಕು ಬಿಟ್ಟ ಹಿತ್ತಾಳೆ ಚೊಂಬೊಂದನ್ನು ಕಟ್ಟೆಯ ಮೇಲೆ ಇಟ್ಟು ಉಸ್ಸೆಂದು ಕೂತರು.

"ಬೆಸುಗೆ ಹಾಕ್ಸಿ ಕೊಡವ್ವ. ನಂಗಂತೂ ತೋಳು ಬಿದ್ದೋಗೈತೆ. ಖಾಲಿ ಚೊಂಬು ಎತ್ತಿದ್ರೂ ಕಲ್ಲು ಎತ್ತಿದಂಗಾಗ್ತದೆ."

"ಹನ್ನೊಂದು ಮನೆ ಸುತ್ತಿದ್ರೆ ಇನ್ನೇನಾಗುತ್ತೆ ಬೂಬೂ? ನಮ್ಮಜ್ಜೀನೂ ಅದೇ ಹೇಳ್ತಿದ್ಲು, ಅನ್ನದ ಪಾತ್ರೆ ಇಳಿಸೋಕಾಗಲ್ಲ ಅಂತ."

"ನಿಮ್ಮಜ್ಜಿಗೆ ಎಂಬತ್ತು ಕಣವ್ವ! ನಂಗೆ ನಲವತ್ತೆರಡು!"

ಬೆಸುಗೆಗೆ ಕಳಿಸುವ ಮುಂಚೆ ಪಾತ್ರೆ ತೂಗುವುದು ನಮ್ಮ ಅಂಗಡಿಯ ರೂಢಿ. ತೂಗಿದೆ. ಆರುನೂರ ಅರವತ್ತೆರಡು ಗ್ರಾಂ. ತಳ ತಿರುಗಿಸಿ ನೋಡಿದರೆ ನಾನೇ ನಾಲ್ಕು ವರ್ಷದ ಹಿಂದೆ ಕೊರೆದಿದ್ದ ಅಂಕಿ, ಆರುನೂರ ನಲವತ್ತು. ಹಳೆಯ ಪಾತ್ರೆ ತಿಕ್ಕಿ ತಿಕ್ಕಿ ಸವೆದು ತೂಕ ಇಳಿಯಬೇಕು. ಏರಿದ್ದನ್ನು ನಾನು ಕಂಡಿಲ್ಲ. ತೂಕದ ಬಟ್ಟು ಬದಲಿಸಿ ತೂಗಿದೆ. ಅಷ್ಟೇ ಬಂತು. "ತಕ್ಕಡಿಗೂ ಸುಸ್ತಾಗಿರ್ಬೇಕು" ಎಂದರು ಅಪ್ಪ. ಅಂಗಡಿಯ ಹೊಸ ಚೊಂಬು ತೂಗಿದೆ, ಸರಿಯಾಗಿತ್ತು. ಮನೆಗೆ ಓಡಿ ಸ್ಟೀಲಿನ ಡಬ್ಬಿ ತೂಗಿದೆ, ಸರಿಯಾಗಿತ್ತು. ಅಜ್ಜಿಯ ಅನ್ನದ ಪಾತ್ರೆ ಮಾತ್ರ ಒಂದು ಹಿಡಿ ಅಕ್ಕಿಯಷ್ಟು ಹೆಚ್ಚು ತೂಗಿತು. ಕೊಕ್ಕೆಯ ತಕ್ಕಡಿ ಹಿಡಿದು ಬೀದಿಗೆ ಇಳಿದೆ. ಭಾರ ಬಾರದ ಮನೆಗಳನ್ನೇ ಹುಡುಕಿಕೊಂಡು ಹೋದೆ. "ಇವಳಿಗೆ ಏನೋ ಆಗಿದೆ ಪಾಪ, ಗೆಳತಿ ಹೋದಳಲ್ಲ" ಎಂದು ಹೆಂಗಸರು ಪಾತ್ರೆ ತಂದು ಕೊಟ್ಟರು. ಎಲ್ಲ ಮನೆಯಲ್ಲೂ ಹಾಗೇ. ಅಲ್ಯೂಮಿನಿಯಂ ಸರಿ, ಸ್ಟೀಲು ಸರಿ. ಅಡುಗೆಗೆ ಬಳಸುವ ಹಿತ್ತಾಳೆಯದು ಮಾತ್ರ ಇಪ್ಪತ್ತು ಗ್ರಾಂ, ಮೂವತ್ತು ಗ್ರಾಂ ಹೆಚ್ಚು. ಎಲ್ಲರೂ ಅದನ್ನು ತಮ್ಮ ತೋಳಿನ ಸೋಲು ಅಂದುಕೊಂಡಿದ್ದರು.

ಮನೆಗೆ ಬಂದು ಅಜ್ಜಿಯ ಮುಂದೆ ಕೂತೆ. ಅಜ್ಜಿ ಎಲ್ಲವನ್ನೂ ಕೇಳಿ ಅನ್ನದ ಪಾತ್ರೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಒಳಗಡೆ ಬೆಳ್ಳಗೆ ಹೊಳೆಯುವ ಕಲಾಯಿಯ ಮೇಲೆ ಬೆರಳಾಡಿಸಿದಳು. ಬೆರಳು ಅಲ್ಲೇ ನಿಂತಿತು.

"ರೇವೂ, ಇದನ್ನೆಲ್ಲ ಹಾಕಿದ್ದು ಒಬ್ನೇ ಅಲ್ವೇನೇ?"

ನಾನು ಕಣ್ಣು ಮುಚ್ಚಿದೆ. ದೀಪಾವಳಿಗೆ ಹತ್ತು ದಿನ ಇರುವಾಗ ಊರಿಗೆ ಬರುತ್ತಿದ್ದ ಕಲಾಯಿ ಮಾಮ ಕಣ್ಮುಂದೆ ಬಂದ. ಬಸ್ ನಿಲ್ದಾಣದ ಹಿಂದಿನ ಹೊಂಗೆಮರದ ಕೆಳಗೆ ಗುಣಿ ತೋಡಿ, ಇದ್ದಿಲು ಸುರಿದು, ತಿದಿ ಒತ್ತುತ್ತ ಕೂರುತ್ತಿದ್ದ. ಕಾದ ಪಾತ್ರೆಗೆ ನವಸಾಗರದ ಬಿಳಿ ಪುಡಿ ಉದುರಿಸುತ್ತಿದ್ದ. ಘಾಟು ಹೊಗೆ ಏಳುತ್ತಿತ್ತು. ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದನೆಂದರೆ ಕಪ್ಪು ಪಾತ್ರೆಯೊಳಗೆ ಬೆಳ್ಳಿ ಹರಿಯುತ್ತಿತ್ತು. ಆಮೇಲೆ ಆ ಮನೆಯ ಅತಿ ಚಿಕ್ಕ ಮಗುವನ್ನು ಕರೆದು, "ನೋಡು ನೋಡು, ಒಳಗೆ ಯಾರು ಬಂದವ್ರೆ!" ಎನ್ನುತ್ತಿದ್ದ. ಬಗ್ಗಿ ನೋಡಿದರೆ ನಮ್ಮದೇ ಮುಖ. ಈ ಊರಿನಲ್ಲಿ ಆ ಪಾತ್ರೆಯೊಳಗೆ ತನ್ನ ಮುಖ ಕಂಡು ನಗದೆ ಬೆಳೆದವರಿಲ್ಲ. ಅಂಬಿಕಾ ಮತ್ತು ನಾನು ಒಂದೇ ಪಾತ್ರೆಗೆ ಬಗ್ಗಿ ತಲೆ ಡಿಕ್ಕಿ ಹೊಡೆದುಕೊಂಡಿದ್ದೆವು.

ಅವನು ಯಾವ ಒಂದು ಮನೆಗೂ ಸೇರಿದವನಾಗಿರಲಿಲ್ಲ. ಹಾಗಾಗಿ ಅವನ ಭಾರ ಚೂರು ಚೂರಾಗಿ ಎಲ್ಲ ಮನೆಗೂ ಹಂಚಿ ಹೋಗಿತ್ತು.

"ಆದ್ರೆ ಅವನು ಬರೋದು ದೀಪಾವಳಿಗಲ್ವಾ? ಈಗ ಶ್ರಾವಣ" ಎಂದೆ.

"ಅದಕ್ಕೇ ಯಾರಿಗೂ ಅವನ ನೆನಪೇ ಆಗ್ಲಿಲ್ಲ" ಅಂದಳು ಅಜ್ಜಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಲವತ್ತು ವರ್ಷ ಮಜ್ಜಿಗೆ ಕೊಟ್ಟಿದೀನಿ ಅವನಿಗೆ. ಹೆಸರೇನಪ್ಪಾ ಅಂತ ಒಂದು ದಿನ ಕೇಳ್ಲಿಲ್ವಲ್ಲೇ."

ನಾನು ಪೊಲೀಸ್ ಠಾಣೆಗೆ ಹೋಗುತ್ತೇನೆಂದು ಎದ್ದೆ. ಅಜ್ಜಿ ನನ್ನ ಲಂಗದ ತುದಿ ಹಿಡಿದಳು. "ಆಮೇಲೆ ಹೋಗು. ಮೊದ್ಲು ತುಂಗನಿಗೆ ಹೇಳು. ಬೇರೆ ಯಾರ ಬಾಯಿಂದಾನೂ ಅವಳಿಗೆ ಇದು ಬರಬಾರ್ದು."

ಎದುರುಮನೆಗೆ ಇಪ್ಪತ್ತು ಹೆಜ್ಜೆ. ಅವತ್ತು ಅದನ್ನು ದಾಟಲು ನನಗೆ ಅರ್ಧ ಗಂಟೆ ಹಿಡಿಯಿತು. ಆ ಶಾಪವೊಂದನ್ನು ಊರಿಕೊಂಡು ಅವಳು ಎದ್ದು ಕೂರುತ್ತಿದ್ದಳು. ಅದನ್ನೂ ನಾನು ಕಿತ್ತುಕೊಳ್ಳಬೇಕೆ? ಹೇಳದಿದ್ದರೆ ನಾಳೆ ಹತ್ತಕ್ಕೆ ಕಲಾಯಿ ಮಾಮ ಕಸದ ಗುಂಡಿಗೆ ಹೋಗುತ್ತಾನೆ. ಹೇಳಿದರೆ ತುಂಗಕ್ಕ ಮತ್ತೆ ಅನ್ನ ಬಿಡುತ್ತಾಳೆ. ಅಜ್ಜಿಯ ಕಥೆಗಳಲ್ಲಿ ಇಂಥ ಹೊತ್ತಿಗೆ ಯಾರಾದರೂ ಬಂದು ದಾರಿ ಹೇಳುತ್ತಿದ್ದರು. ಬೀದಿಯಲ್ಲಿ ಒಂದು ಗುಬ್ಬಚ್ಚಿಯೂ ಇರಲಿಲ್ಲ.

ತುಂಗಕ್ಕ ನಡುಮನೆಯಲ್ಲಿ ಗೋಡೆಗೆ ಒರಗಿದ್ದಳು. ನೀರಿನ ಲೋಟ ಅವಳ ಬಾಯಿಗೆ ಹಿಡಿದೆ. ಕುಡಿದು, "ನಾಳೆ ಒಯ್ತಾರಂತೆ ಅವನನ್ನ" ಎಂದಳು. "ನಾನೂ ಹೋಗ್ತೀನಿ. ಮುಖಕ್ಕೆ ಉಗೀಬೇಕು. ಮುಖ ಇಲ್ದಿದ್ರೆ ಬಟ್ಟೆ ಮೇಲೇ ಉಗೀತೀನಿ."

ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಚೊಂಬು, ತಕ್ಕಡಿ, ಅಜ್ಜಿಯ ಬೆರಳು. ಕಲಾಯಿ ಮಾಮ ಎಂಬ ಮಾತು ಬರುವ ಮುಂಚೆಯೇ ಅವಳ ಕಣ್ಣು ಕೆಂಪಾಗಿತ್ತು.

"ಎದ್ದು ಹೋಗೇ. ನಿನ್ನ ತಕ್ಕಡಿ ತಗೊಂಡು ಎದ್ದು ಹೋಗು."

"ಅಕ್ಕಾ..."

"ನನಗೆ ಒಬ್ಬ ಬೇಕಲ್ಲ ಕಣೇ ಬೈಯೋದಕ್ಕೆ! ನೀವೆಲ್ಲ ಬರ್ತೀರಿ, ಕೊಡ ಎತ್ತುತೀರಿ, ಹೋಗ್ತೀರಿ. ಆಮೇಲೆ ನಾನು ಈ ಗೋಡೆ ಹತ್ರ ಯಾರನ್ನ ಬೈಲಿ? ಬಳೆ ಅಂಗಡಿಯೋನನ್ನ ಬೈಲಾ? ಹೋಗಿ ಬಾ ಅಂತ ಕಳಿಸಿದ ನನ್ನನ್ನೇ ಬೈಕೊಳ್ಳಲಾ?"

ನಾನು ಏಳಲಿಲ್ಲ. ಅಂಬಿಕಾಳ ಜೊತೆ ಹೋಗದೆ ಉಳಿದ ನನ್ನನ್ನು ಬೈ ಎಂದೆ. ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಮೂಲೆಯಲ್ಲಿ ಹಳೆ ಸೀರೆ ಹೊದಿಸಿದ ಒಂದು ರಾಶಿ ಇತ್ತು. ತುಂಗಕ್ಕನ ಕಣ್ಣು ಅಲ್ಲಿಗೆ ಹೋಯಿತು. ಅಲ್ಲೇ ಉಳಿಯಿತು.

"ಆ ಸೀರೆ ತೆಗಿ."

ತೆಗೆದೆ. ಮದುವೆಗೆಂದು ಕೂಡಿಸಿದ್ದ ಹಿತ್ತಾಳೆ ಪಾತ್ರೆಗಳು. ಕೊಳಗ, ಬೋಗುಣಿ, ಸಾರಿನ ತಪ್ಪಲೆ. ಅಂಬಿಕಾಳ ಹೆಸರು ನಾನೇ ಕೊರೆದಿದ್ದೆ. ಒಂದಕ್ಕೂ ಕಲಾಯಿ ಆಗಿರಲಿಲ್ಲ.

"ಹೋದ ದೀಪಾವಳೀಲಿ ಅವನಿಗೆ ನಾನೇ ಹೇಳಿದ್ದೆ" ಎಂದಳು ತುಂಗಕ್ಕ. ದನಿ ಇಳಿದು ಹೋಗಿತ್ತು. "ಬರೋ ಕಾರ್ತಿಕಕ್ಕೆ ಮಗಳ ಮದುವೆ ಮಾಮ, ಆಗ ನಿನಗೆ ಕೈ ಬಿಡುವಿರಲ್ಲ, ಶ್ರಾವಣಕ್ಕೇ ಬಂದ್ಬಿಡು ಅಂದೆ. ಆಗ್ಲವ್ವ, ಮೊದ್ಲು ನಿಮ್ಮ ಮನೇದೇ ಕೆಲ್ಸ ಅಂದಿದ್ದ. ಇದ್ದಿಲು ತಗೊಳ್ಳೋಕೆ ಸಂತೆಗೆ ಹೋಗಿರ್ತಾನೆ, ರೇವೂ. ನಮ್ಮನೇಗೇ ಬರ್ತಿದ್ದ ಅವನು."

ಆಮೇಲೆ ಅವಳು ಅತ್ತಳು. ಆ ಸೋಮವಾರದಿಂದ ಶಪಿಸಿದ್ದಳೇ ಹೊರತು ಅತ್ತಿರಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ. ಬೆನ್ನು ಬಾಗಿತ್ತು, ಆದರೆ ಕುಸಿಯಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಅಂಗಳದಲ್ಲಿ ಜನ ಸೇರಿದರು. ನಾನು ಹೇಳಿದ್ದು ನಾಲ್ಕು ಮನೆಗೆ, ಮಿಕ್ಕಿದ್ದನ್ನು ಹಸೀನಾ ಬೂಬು ನೋಡಿಕೊಂಡಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಪಾತ್ರೆ. ನಮ್ಮಲ್ಲಿ ಸತ್ತವರಿಗೆ ಅವರ ಮನೆಯ ನೀರಿನಿಂದಲೇ ಸ್ನಾನ ಮಾಡಿಸಬೇಕು. ಇವನ ಮನೆ ಎಲ್ಲಿ ಎಂದರೆ ಎಲ್ಲರೂ ತಮ್ಮ ತಮ್ಮ ಚೊಂಬು ತೋರಿಸುತ್ತಿದ್ದರು. ಇನ್ಸ್‌ಪೆಕ್ಟರು ಹೊರಗಿನಿಂದ ವರ್ಗವಾಗಿ ಬಂದವರು. ಹಣೆ ಉಜ್ಜಿಕೊಂಡರು.

"ಏನ್ರೀ ಇದು? ಪಾತ್ರೆ ಪಡಗ ಎಲ್ಲ ಸಾಕ್ಷಿ ಹೇಳುತ್ತೇನ್ರೀ?"

"ಪುಡಿ ಪರೀಕ್ಷೆಗೆ ಕಳಿಸಿದ್ರಲ್ಲ ಸಾರ್, ಏನು ಬಂತು?" ಎಂದೆ.

ಅವರು ಕಾಗದ ಬಿಡಿಸಿದರು. "ನವಸಾಗರ. ಪಾತ್ರೆಗೆ ಹಾಕೋದಂತೆ." ಕಾಗದ ಮಡಿಸಿ, ಅಜ್ಜಿಯ ಅನ್ನದ ಪಾತ್ರೆಯೊಳಗೆ ಇಣುಕಿ ನೋಡಿದರು. "ನಮ್ಮನೇಲೂ ಒಂದಿದೆ ಇಂಥದು, ಇಲ್ಲೇ ಕಲಾಯಿ ಹಾಕಿಸಿದ್ದು. ನಮ್ಮವಳು ಸೋಮವಾರದಿಂದ ಕೈ ನೋವು ಅಂತಿದ್ಲು" ಎಂದು, ಪುರಸಭೆಯ ಗಾಡಿಯವನಿಗೆ ಹೋಗೆಂದು ಕೈ ಮಾಡಿದರು. ಅರ್ಜಿಯನ್ನು ಹರಿದು ಹಾಕಿದವರು ಯಾರೆಂದು ನಾನು ನೋಡಲಿಲ್ಲ.

ಇನ್ನು ಅವನನ್ನು ಮಣ್ಣು ಮಾಡುವುದೋ ಸುಡುವುದೋ ಎಂಬ ಮಾತು ಎದ್ದಿತು.

"ನಮ್ಮ ಬೀದೀಲಿ ಎಲ್ಲಾ ಕಲಾಯಿ ಚಾಚಾ ಅಂತಿದ್ವಿ" ಎಂದರು ಗಫಾರ್ ಸಾಬರು. "ನಮಾಜಿಗೆ ಬಂದಿದ್ದು ನಾನು ಕಂಡಿಲ್ಲ, ಸುಳ್ಳು ಯಾಕೆ ಹೇಳ್ಲಿ."

"ಗುಡಿಗೆ ಬಂದಿದ್ದು ನಾನೂ ಕಂಡಿಲ್ಲ" ಎಂದಳು ಅಜ್ಜಿ. "ಅವನನ್ನ ಕಂಡಿದ್ದು ಆ ಹೊಂಗೆಮರದ ಕೆಳಗೆ. ವರ್ಷಾ ವರ್ಷಾ ಅಲ್ಲೇ ಗುಣಿ ತೋಡ್ತಿದ್ದ. ಈ ಸಲ ನಾವು ತೋಡೋಣ." ಮೇಷ್ಟರು ಗುದ್ದಲಿ ತರಲು ಹೋದರು.

ನೀರು ಎತ್ತುವ ಹೊತ್ತಾಯಿತು. ಚೊಂಬುಗಳು ಹೊರಲಾರದಷ್ಟು ಭಾರವೇನೂ ಇರಲಿಲ್ಲ. ಆದರೂ ಸತ್ತವರ ಸ್ನಾನಕ್ಕೆ ಭಾರ ಬಂದ ಪಾತ್ರೆಯನ್ನು ಆ ಮನೆಯವರೇ ಎತ್ತಬಾರದೆಂಬುದು ನಮ್ಮ ಕಟ್ಟಳೆ. ಇಲ್ಲಿ ಎಲ್ಲರೂ ಆ ಮನೆಯವರೇ. ಎಲ್ಲರಿಗೂ ಭಾರ ಬಂದರೆ ಕೈ ಹಚ್ಚುವವರು ಯಾರು? ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ಹೀಗೆ ಹಿಂದೆಂದೂ ಆಗಿರಲಿಲ್ಲ, ಅಜ್ಜಿಯ ಯಾವ ಕಥೆಯಲ್ಲೂ ಇರಲಿಲ್ಲ.

ಆಗ ಗೇಟಿನ ಹತ್ತಿರ ಜನ ಸರಿದರು. ತುಂಗಕ್ಕ ಬರುತ್ತಿದ್ದಳು. ಹದಿಮೂರು ದಿನ ಕಳೆಯದ ಮನೆಯವಳು ಹೊಸಿಲು ದಾಟಿ ಬಂದಿದ್ದಳು. ಯಾರೋ "ಅಯ್ಯೋ, ಅವಳು ಬರ್ಬಾರ್ದಲ್ಲ" ಎಂದರು. ಅವಳು ಕೇಳಿಸಿಕೊಳ್ಳಲಿಲ್ಲ. ನೇರ ಹಸೀನಾ ಬೂಬು ಹತ್ತಿರ ಹೋದಳು.

"ಬೂಬೂ, ಅದನ್ನ ಇಲ್ಲಿ ಕೊಡಿ. ನಾನು ಕೈ ಹಚ್ತೀನಿ."

"ನೀವಾ? ನಿಮ್ಮ ಭಾರಾನೇ..."

"ನನ್ನದನ್ನ ದಿನಾ ಎತ್ತಿದೀರಲ್ಲ. ಈ ಚೊಂಬು ಎತ್ತೋಕಾಗಲ್ವಾ ನನಗೆ?"

ಬಿರುಕು ಬಿಟ್ಟ ಆ ಚೊಂಬನ್ನು ತುಂಗಕ್ಕ ಎರಡೂ ಕೈಯಿಂದ ಎತ್ತಿದಳು. ಐದು ದಿನದ ಮೇಲೆ ಅವಳ ಕೈಯಲ್ಲಿ ಒಂದು ವಸ್ತು ನೆಲ ಬಿಟ್ಟು ಮೇಲೆ ಬಂದಿತ್ತು. ಹಸೀನಾ ಬೂಬು ನನ್ನ ಕೈಯ ಪಾತ್ರೆ ತೆಗೆದುಕೊಂಡರು. ನಾನು ಮಾದಪ್ಪನ ಹೆಂಡತಿಯ ತಪ್ಪಲೆ ಹಿಡಿದೆ. ಹೀಗೆ ಒಬ್ಬರದು ಇನ್ನೊಬ್ಬರ ಕೈಗೆ ಹೋಗಿ ಇಡೀ ಅಂಗಳದಲ್ಲಿ ತನ್ನ ಪಾತ್ರೆ ತಾನು ಹಿಡಿದವರು ಯಾರೂ ಉಳಿಯಲಿಲ್ಲ. ಮೊದಲ ನೀರು ತುಂಗಕ್ಕ ಹಾಕಿದಳು. ಆ ಕಪ್ಪು ಬೆರಳುಗಳ ಮೇಲೆ ನಿಧಾನವಾಗಿ ಸುರಿದಳು. ಬಗ್ಗಿ ಏನೋ ಹೇಳಿದಳು. ಪಕ್ಕದಲ್ಲೇ ಇದ್ದದ್ದರಿಂದ ನನಗೆ ಕೇಳಿಸಿತು. "ಕರೆದಾಗ ಬಂದ್ಯಲ್ಲ ಮಾಮ" ಎಂದಳು.

ಹೊಂಗೆಮರದ ಕೆಳಗೆ, ಹಳೆ ಇದ್ದಿಲಿನ ಚೂರುಗಳು ಸಿಗುವ ಮಣ್ಣಿನಲ್ಲಿ ಅವನನ್ನು ಇಟ್ಟೆವು. ಕಲ್ಲಿನ ಮೇಲೆ ಹೆಸರು ಕೊರೆಯುವ ಕೆಲಸ ನನಗೆ ಬಂತು. ಹೆಸರು ಗೊತ್ತಿರಲಿಲ್ಲ. ಒಂದು ಚೊಂಬಿನ ಚಿತ್ರ ಕೊರೆದೆ. ಚೀಲ ಇಟ್ಟವರು ತಿಂಗಳ ಮೇಲೆ ಯಾವುದೋ ದೂರದ ಊರಿನಲ್ಲಿ ಸಿಕ್ಕಿಬಿದ್ದರೆಂದು ಪೇಪರಿನಲ್ಲಿ ಬಂತು. ಅವರ ಫೋಟೋವನ್ನು ತುಂಗಕ್ಕ ಬಹಳ ಹೊತ್ತು ನೋಡಿ, "ಇವರ ಮನೇಲೂ ಯಾರೋ ಕೊಡದ ಹತ್ರ, ಏಳುತ್ತೋ ಇಲ್ವೋ ಅಂತ ನಿಂತಿರ್ತಾರೆ" ಎಂದಷ್ಟೇ ಹೇಳಿ ಪೇಪರು ಮಡಿಸಿದಳು.

ಆದರೆ ಅದು ಆಮೇಲಿನ ಮಾತು. ಆ ಶನಿವಾರ ಸಂಜೆ ಎಂದಿನಂತೆ ನಾನು ಅವಳಿಗೆ ನೀರು ಕುಡಿಸಲು ಹೋದೆ. ಗಫಾರ್ ಸಾಬರೂ ಇನ್ನು ನಾಲ್ವರೂ ಕೊಡಕ್ಕೆ ಕೈ ಹಚ್ಚಿದರು. ಆರನೆಯವರು ಬರುವುದರೊಳಗೇ ಕೊಡ ಮೇಲೆದ್ದು ಬಂತು. ಸಾಬರು ನನ್ನ ಕಡೆ ನೋಡಿದರು. ನಾನು ಲೋಟಕ್ಕೆ ನೀರು ಬಗ್ಗಿಸಿ ತುಂಗಕ್ಕನ ಮುಂದೆ ಇಟ್ಟು, ಎತ್ತಿ ಹಿಡಿಯಲೆಂದು ಕೈ ಚಾಚಿದೆ.

"ಇರು" ಎಂದಳು ತುಂಗಕ್ಕ.

ಲೋಟದ ಸುತ್ತ ಬೆರಳು ಹೆಣೆದಳು. ನೀರು ತುಳುಕಿ ಸೀರೆಯ ಮೇಲೆ ಬಿತ್ತು. ಲೋಟ ನೆಲದಿಂದ ಒಂದು ಬೆರಳಷ್ಟು ಎದ್ದಿತು. ಆಮೇಲೆ ಇನ್ನೊಂದು ಬೆರಳಷ್ಟು.